ಮರಿ ಆಮೇಲೆ, ಮೊದಲು ತಾಯಿ ನೋಡಿ

ಈ ಸಲ ಬಂದ ಪತ್ರಗಳಲ್ಲಿ ನಾಯಿಮರಿ ಕೊಳ್ಳುವ ಬಗ್ಗೆಯೇ ಜಾಸ್ತಿ ಇವೆ. ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಇವಕ್ಕೇ ಉತ್ತರ ಬರೆದಿದ್ದೇನೆ. ನಾನು ಡಾಕ್ಟರ್ ಅಲ್ಲ. ಬಾಗಲಕೋಟೆಯಲ್ಲಿ ಇಪ್ಪತ್ತೆರಡು ವರ್ಷದಿಂದ ನಾಯಿ ಸಾಕಿಕೊಂಡು ಬಂದವಳು, ಅಷ್ಟೇ. ಔಷಧಿ, ಇಂಜೆಕ್ಷನ್ ವಿಷಯದಲ್ಲಿ ನಿಮ್ಮ ಪಶುವೈದ್ಯರ ಮಾತೇ ಕೊನೆ ಮಾತು.

ಪ್ರಶ್ನೆ: ಅಕ್ಕಾ, ನಮಸ್ಕಾರ. ಹೊಲದಲ್ಲಿ ಹೊಸ ಮನೆ ಕಟ್ಟಿದ್ದೇವೆ. ಮುಧೋಳ ನಾಯಿ ಸಾಕಬೇಕು ಅಂತ ಬಹಳ ದಿನದ ಆಸೆ. ವಾಟ್ಸಾಪ್‌ನಲ್ಲಿ ಒಬ್ಬರು ಮರಿಗಳ ಫೋಟೋ ಕಳಿಸಿದ್ದಾರೆ. 35 ದಿನದ ಮರಿ, 12,000 ರೂಪಾಯಿ, ಅರ್ಧ ದುಡ್ಡು ಮೊದಲೇ ಹಾಕಿದರೆ ಬಸ್ಸಿಗೆ ಕೊಟ್ಟು ಕಳಿಸುತ್ತಾರಂತೆ. ಗಂಡು ಹೆಣ್ಣು ಜೋಡಿ ತಗೊಂಡರೆ ರೇಟು ಕಡಿಮೆ ಅಂತಾರೆ. ತಗೊಳ್ಳಲಾ?
– ವಿಜಯಪುರದಿಂದ ಒಬ್ಬ ರೈತರು

ಬೇಡ. ಮೊದಲು ದುಡ್ಡು ಹಾಕುವುದನ್ನು ನಿಲ್ಲಿಸಿ, ಆಮೇಲೆ ಮುಂದಿನದು ಓದಿ.

ನೀವು ರೈತರು. ಸಿದ್ಧೇಶ್ವರ ಜಾತ್ರೆಯಲ್ಲಿ ಖಿಲಾರಿ ಹೋರಿ ಕೊಳ್ಳುವಾಗ ಫೋಟೋ ನೋಡಿ ದುಡ್ಡು ಎಣಿಸುತ್ತೀರಾ? ಬಾಯಿ ತೆರೆದು ಹಲ್ಲು ನೋಡುತ್ತೀರಿ, ಸುಳಿ ನೋಡುತ್ತೀರಿ, ನಾಲ್ಕು ಹೆಜ್ಜೆ ನಡೆಸುತ್ತೀರಿ, ಯಾವ ಊರಿನದು, ಯಾರ ಮನೆಯಲ್ಲಿ ಹುಟ್ಟಿದ್ದು ಅಂತ ಕೇಳಿ ಕೇಳಿ ಮಾರುವವನಿಗೆ ಬೇಸರ ಬರಿಸುತ್ತೀರಿ. ಹತ್ತು ಹನ್ನೆರಡು ವರ್ಷ ಮನೆಯಲ್ಲಿ ಇರಬೇಕಾದ ನಾಯಿಗೂ ಅಷ್ಟು ಮಾಡಬೇಕು ಅಲ್ವಾ?

35 ದಿನದ ಮರಿ ಅಂದರೆ ಐದು ವಾರದ ಕೂಸು. ಆಗಲೇ ತಾಯಿಯಿಂದ ಬಿಡಿಸಿ ಬಸ್ಸಿನ ಡಿಕ್ಕಿಯಲ್ಲಿ ಹಾಕುವುದು ಪಾಪದ ಕೆಲಸ, ಅದನ್ನು ಮೆತ್ತಗೆ ಹೇಳಲು ನನಗೆ ಬರುವುದಿಲ್ಲ. ಎಂಟು ವಾರ ತುಂಬುವವರೆಗೆ ಮರಿ ತಾಯಿ ಹತ್ತಿರ ಇರಬೇಕು. ಆ ಕೊನೆಯ ಮೂರು ವಾರದಲ್ಲೇ ಅದು ಎಷ್ಟು ಜೋರಾಗಿ ಕಚ್ಚಬಾರದು ಅನ್ನುವುದನ್ನು ಕಲಿಯುತ್ತದೆ. ಅಣ್ಣತಮ್ಮಂದಿರ ಕಿವಿ ಜೋರಾಗಿ ಕಚ್ಚಿದರೆ ಅವು ಕುಂಯ್ ಅಂದು ಆಟ ಬಿಟ್ಟು ಹೋಗುತ್ತವೆ. ಹಾಲು ಕುಡಿಯುವಾಗ ಹಲ್ಲು ತಾಗಿದರೆ ತಾಯಿ ಗುರ್ ಅನ್ನುತ್ತದೆ. ಈ ಪಾಠ ತಪ್ಪಿದ ಮರಿ ಮುಂದೆ ನಿಮ್ಮ ಮಕ್ಕಳ ಕೈ ಕಚ್ಚುತ್ತದೆ. ಇದು ಕಾನೂನೂ ಹೌದು. ನಾಯಿ ಸಾಕಿ ಮಾರುವವರಿಗೆ ಕೇಂದ್ರ ಸರ್ಕಾರ 2017ರಲ್ಲಿ ನಿಯಮ ಮಾಡಿದೆ. ಎಂಟು ವಾರದ ಒಳಗಿನ ಮರಿ ಮಾರುವಂತಿಲ್ಲ. ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು. ಹೆಣ್ಣುನಾಯಿಗೆ 18 ತಿಂಗಳು ತುಂಬುವ ಮುಂಚೆ ಕ್ರಾಸ್ ಮಾಡಿಸುವಂತಿಲ್ಲ, ವರ್ಷಕ್ಕೆ ಒಂದಕ್ಕಿಂತ ಜಾಸ್ತಿ ಸೂಲು ತೆಗೆಯುವಂತಿಲ್ಲ, ಜೀವಮಾನದಲ್ಲಿ ಐದಕ್ಕಿಂತ ಹೆಚ್ಚು ಸೂಲು ಇಲ್ಲ, ಎಂಟು ವರ್ಷ ದಾಟಿದ ಮೇಲೆ ಇಲ್ಲವೇ ಇಲ್ಲ. ಈ ನಾಲ್ಕು ಮಾತನ್ನು ಫೋನಿನಲ್ಲೇ ಕೇಳಿ ನೋಡಿ. ತಾಯಿಗೆ ಎಷ್ಟು ವಯಸ್ಸು, ಇದು ಎಷ್ಟನೇ ಸೂಲು, ಹಿಂದಿನದು ಯಾವಾಗ ಆಗಿತ್ತು? ಸರಿಯಾಗಿ ಸಾಕುವವರು ತಡವರಿಸದೆ ಹೇಳುತ್ತಾರೆ.

ಆಮೇಲೆ ಹೋಗಿ ನೋಡಿ. ವಿಜಯಪುರದಿಂದ ಮುಧೋಳ ಒಂದು ದಿನದಲ್ಲಿ ಹೋಗಿ ಬರುವ ದಾರಿ. ತಾಯಿ ನೋಡಲು ಹೋಗುತ್ತಿದ್ದೇನೆ ಅಂತ ಮನಸ್ಸಿನಲ್ಲಿ ಇಟ್ಟುಕೊಂಡು ಹೊರಡಿ. ಮರಿ ನೋಡಿದರೆ ಯಾರಿಗಾದರೂ ಮನಸ್ಸು ಕರಗುತ್ತದೆ, ಬುದ್ಧಿ ಕೆಲಸ ಮಾಡುವುದಿಲ್ಲ. ನನಗಂತೂ ಈಗಲೂ ಹಾಗೇ ಆಗುತ್ತದೆ.

ನಾನು ಈಗ ಸಾಕಿರುವ ನಾಯಿಯನ್ನು ತಂದದ್ದು ಲೋಕಾಪುರದ ಹತ್ತಿರದ ಒಂದು ತೋಟದ ಮನೆಯಿಂದ. ಹೋದಾಗ ಬೇವಿನ ಮರದ ಕೆಳಗೆ ತಾಯಿ ಮಲಗಿತ್ತು, ಆರು ಮರಿ ಮೇಲೆ ಬಿದ್ದು ಹಾಲು ಕುಡಿಯುತ್ತಿದ್ದವು. ಮನೆಯ ಹಿರಿಯರು ಅದನ್ನು ಕಟ್ಟಿರಲಿಲ್ಲ. ನನ್ನನ್ನು ನೋಡಿ ಅದು ಎದ್ದಿತು, ದೂರದಲ್ಲೇ ನಿಂತು ವಾಸನೆ ನೋಡಿತು, ಯಜಮಾನರು ಕರೆದ ಮೇಲೆ ಹತ್ತಿರ ಬಂದು ನನ್ನ ಸೀರೆ ಸೆರಗು ಮೂಸಿ ಮತ್ತೆ ಹೋಗಿ ಮಲಗಿತು. ಮುಧೋಳ ನಾಯಿಯ ಗುಣ ಅದೇ. ಹೊಸಬರ ಹತ್ತಿರ ಬಾಲ ಅಲ್ಲಾಡಿಸಿಕೊಂಡು ಓಡಿ ಬರುವ ಜಾತಿ ಅಲ್ಲ. ಆದರೆ ಮೂಲೆಗೆ ಸೇರಿ ನಡುಗುವುದೂ, ಹಲ್ಲು ತೋರಿಸಿ ಮೈಮೇಲೆ ಬರುವುದೂ ಬೇರೆ ಮಾತು. ಅಂಥ ತಾಯಿಯ ಮರಿ ತರಬೇಡಿ, ನೂಲಿನಂತೆ ಸೀರೆ ಅನ್ನುವುದು ಇಲ್ಲಿಯೂ ನಿಜ. ಹಾಲೂಡುವ ತಾಯಿ ಸ್ವಲ್ಪ ಇಳಿದಿರುತ್ತದೆ, ಅದು ಸಹಜ. ಮೈಯಲ್ಲಿ ಹುಣ್ಣು, ಉದುರಿದ ಕೂದಲು, ಕಿವಿ ತುಂಬ ಉಣ್ಣಿ ಇದ್ದರೆ ಅದು ಸಾಕಿದವರ ತಪ್ಪು.

ಆ ಹಿರಿಯರು ಅವತ್ತು ನನಗೆ ಮರಿ ಕೊಡಲಿಲ್ಲ. "ಕಟ್ಟಿ ಹಾಕ್ತೀರೋ, ಬಿಡ್ತೀರೋ? ಗ್ವಾಡಿ ಎಷ್ಟು ಎತ್ತರ ಐತ್ರಿ?" ಅಂತ ಕೇಳಿದರು. ನಾನು ಎದೆಮಟ್ಟ ತೋರಿಸಿದೆ. "ಅದನ್ನ ಇದು ನಿಂತಲ್ಲೇ ಜಿಗಿತೈತ್ರೀ ಅಕ್ಕಾರ, ಮೊದಲು ಗ್ವಾಡಿ ಏರಿಸ್ರಿ" ಅಂದರು. ಒಂದು ತಿಂಗಳು ಬಿಟ್ಟು ಜಾಳಿಗೆ ಹಾಕಿಸಿ, ಫೋಟೋ ತೋರಿಸಿ ಮರಿ ತಂದೆ. ಅಷ್ಟರಲ್ಲಿ ಅದಕ್ಕೆ ಎರಡನೇ ಇಂಜೆಕ್ಷನ್ ಕೂಡ ಅವರೇ ಹಾಕಿಸಿದ್ದರು. ನಿಮಗೂ ಇಂಥವರು ಸಿಗಲಿ ಅಂತ ನನ್ನ ಆಸೆ.

ತಂದೆ ನಾಯಿ ಅಲ್ಲಿ ಇಲ್ಲದಿದ್ದರೆ ಅನುಮಾನ ಬೇಡ. ಒಳ್ಳೆಯವರು ಗಂಡುನಾಯಿಯನ್ನು ಬೇರೆ ಮನೆಯಿಂದಲೇ ತರುತ್ತಾರೆ. ಯಾರ ಮನೆಯದು ಅಂತ ಕೇಳಿ, ಸಾಧ್ಯವಾದರೆ ಅದನ್ನೂ ಹೋಗಿ ನೋಡಿ. ಎತ್ತರ ಬರಲಿ ಅಂತ ಗ್ರೇಹೌಂಡ್ ಅನ್ನುವ ವಿದೇಶಿ ಓಟದ ನಾಯಿ ಜೊತೆ ಬೆರೆಸಿ ಮುಧೋಳ ಅಂತ ಮಾರುವುದು ಇದೆ. ಎಂಟು ವಾರದ ಮರಿಯಲ್ಲಿ ಇದು ಗೊತ್ತಾಗುವುದು ಕಷ್ಟ, ತಂದೆ ತಾಯಿಯಲ್ಲಿ ಗೊತ್ತಾಗುತ್ತದೆ. ಉದ್ದನೆಯ ಸಪೂರ ತಲೆ, ಉದ್ದ ಕುತ್ತಿಗೆ, ಆಳವಾದ ಎದೆ, ಒಳಗೆ ಸೇರಿದ ಹೊಟ್ಟೆ. ಎತ್ತರ ಸುಮಾರು 64ರಿಂದ 72 ಸೆಂಟಿಮೀಟರ್.

ಜೋಡಿ ಬಗ್ಗೆ ಕೇಳಿದ್ದೀರಿ. ಒಂದೇ ಸೂಲಿನ ಗಂಡು ಹೆಣ್ಣು ಅಂದರೆ ಅಣ್ಣ ತಂಗಿ. ಮುಂದೆ ಅವುಗಳಿಂದಲೇ ಮರಿ ತೆಗೆದರೆ ಮನೆತನದ ದೋಷವೆಲ್ಲ ಸೇರಿಕೊಂಡು ಬರುತ್ತದೆ. ನಮ್ಮ ಭಾಗದಲ್ಲಿ ಈ ನಾಯಿಗೆ ಆಗುತ್ತಿರುವ ದೊಡ್ಡ ಪೆಟ್ಟು ಇದೇ. ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆ ಕಾಳಜಿಯಿಂದ ಬೆಳೆಸಿದ ತಳಿ ಇದು, 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂತು, ಆಮೇಲೆ ಸೈನ್ಯದವರೂ ಒಯ್ದು ತರಬೇತಿ ಕೊಟ್ಟರು. ಅಂಥ ನಾಯಿಯನ್ನು ಸುಮ್ನೆ ದುಡ್ಡಿನ ಆಸೆಗೆ ಒಳಗೊಳಗೇ ಕೂಡಿಸಿ ಹಾಳುಮಾಡಬಾರದು. ಒಂದೇ ಮರಿ ತನ್ನಿ.

ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರ ಇದೆ. ಮೊದಲು ಅಲ್ಲಿಗೆ ಹೋಗಿ. ಮರಿ ಬೇಕು ಅಂತ ಹೆಸರು ಕೊಟ್ಟು ಬನ್ನಿ. ಕಾಯಬೇಕಾಗಬಹುದು, ಕಾಯಿರಿ. ಮರಿ ತರದಿದ್ದರೂ ನಾಲ್ಕು ಒಳ್ಳೆಯ ನಾಯಿ ಕಣ್ಣಾರೆ ನೋಡಿದ ಹಾಗೆ ಆಗುತ್ತದೆ, ಆಮೇಲೆ ಯಾರೂ ನಿಮಗೆ ಮೋಸ ಮಾಡುವುದು ಸುಲಭ ಇಲ್ಲ.

ಪ್ರಶ್ನೆ: ಮೇಡಂ, ಲ್ಯಾಬ್ರಡಾರ್ ಮರಿ ತರಬೇಕು ಅಂತಿದ್ದೇವೆ. ಒಬ್ಬರು ಕೆಸಿಐ ಸರ್ಟಿಫಿಕೇಟ್ ಇದ್ದರೆ ಒಂದು ರೇಟು, ಇಲ್ಲದಿದ್ದರೆ ಅದರ ಅರ್ಧ ಅಂತಾರೆ. ಸರ್ಟಿಫಿಕೇಟ್ ಇದ್ದರೆ ಮರಿ ಆರೋಗ್ಯವಾಗಿದೆ ಅಂತ ಅರ್ಥವಾ?
– ಬೆಳಗಾವಿಯಿಂದ ಒಬ್ಬ ವಿದ್ಯಾರ್ಥಿನಿ

ಅಲ್ಲ ತಂಗಿ. ಕೆನ್ನೆಲ್ ಕ್ಲಬ್ ಆಫ್ ಇಂಡಿಯಾದ ಆ ಕಾಗದ ಮರಿಯ ಅಪ್ಪ ಅಮ್ಮ, ಅಜ್ಜ ಅಜ್ಜಿ ಯಾರು ಅಂತ ಹೇಳುತ್ತದೆ. ಆರೋಗ್ಯದ ಗ್ಯಾರಂಟಿ ಅದರಲ್ಲಿ ಇಲ್ಲ. ಆದರೂ ಬೇಕು, ಯಾಕೆಂದರೆ ಅಪ್ಪನ ಕಡೆಯೂ ಅಮ್ಮನ ಕಡೆಯೂ ಒಂದೇ ಹೆಸರು ಮತ್ತೆ ಮತ್ತೆ ಬಂದಿದ್ದರೆ ಅದು ಅಲ್ಲಿ ಕಣ್ಣಿಗೆ ಬೀಳುತ್ತದೆ. ಕಾಗದದಲ್ಲಿರುವ ಮೈಕ್ರೋಚಿಪ್ ನಂಬರ್ ಮತ್ತು ಮರಿಯ ಮೈಯಲ್ಲಿರುವ ಚಿಪ್ ನಂಬರ್ ಒಂದೇನಾ ಅಂತ ಸ್ಕ್ಯಾನರ್ ಇರುವ ಡಾಕ್ಟರ್ ಹತ್ತಿರ ನೋಡಿಸಿ.

ಲ್ಯಾಬ್ರಡಾರ್‌ಗೆ ಸೊಂಟದ ಕೀಲಿನ ತೊಂದರೆ ವಂಶದಿಂದ ಬರುತ್ತದೆ. ಕೀಲು ಸರಿಯಾಗಿ ಕೂತಿರುವುದಿಲ್ಲ, ನಾಲ್ಕೈದು ವರ್ಷಕ್ಕೆ ಮೆಟ್ಟಿಲು ಹತ್ತಲು ಆಗುವುದಿಲ್ಲ, ಏಳುವಾಗ ನರಳುತ್ತದೆ. ಮರಿಯಲ್ಲಿ ಇದು ಕಾಣುವುದಿಲ್ಲ. ಹಾಗಾಗಿ ತಂದೆ ತಾಯಿ ಇಬ್ಬರ ಸೊಂಟದ ಎಕ್ಸ್‌ರೇ ತೆಗೆಸಿದ್ದೀರಾ ಅಂತ ಕೇಳಿ, ಅದೂ ಎರಡು ವರ್ಷ ತುಂಬಿದ ಮೇಲೆ ತೆಗೆಸಿದ್ದು. ನಮ್ಮ ಕಡೆ ಬಹಳ ಜನ ತೆಗೆಸಿರುವುದಿಲ್ಲ, ನೀವು ಕೇಳಿದ್ದು ನೋಡಿ ಅವರಿಗೆ ಆಶ್ಚರ್ಯ ಆಗಬಹುದು. ಕೇಳಿ, ಕೇಳುವವರು ಜಾಸ್ತಿಯಾದರೆ ತೆಗೆಸುವವರೂ ಜಾಸ್ತಿಯಾಗುತ್ತಾರೆ. ಎಕ್ಸ್‌ರೇ ಇಲ್ಲ ಅಂದರೆ ತಾಯಿಯನ್ನು ನಿಮ್ಮ ಮುಂದೆ ನಡೆಸಲು, ಓಡಿಸಲು ಹೇಳಿ. ಹಿಂಗಾಲು ಎಳೆದರೆ, ಮೊಲದ ಹಾಗೆ ಎರಡೂ ಒಟ್ಟಿಗೆ ಎತ್ತಿ ಹಾಕಿದರೆ ವಾಪಸ್ ಬನ್ನಿ.

ಇನ್ನೊಂದು ಮಾತು, ಇದು ಮುಧೋಳ ಕೊಳ್ಳುವವರಿಗೆ. ಕೆಸಿಐ ಕಾಗದದಲ್ಲಿ ಅದರ ಹೆಸರು ಕ್ಯಾರವಾನ್ ಹೌಂಡ್ ಅಂತ ಇರುತ್ತದೆ. ಗಾಬರಿ ಬೇಡ.

ಪ್ರಶ್ನೆ: ಪೇಟೆಯಿಂದ ತಂದ ಮರಿ ಐದೇ ದಿನಕ್ಕೆ ವಾಂತಿ, ರಕ್ತಭೇದಿ ಆಗಿ ತೀರಿಕೊಂಡಿತು. ಪಾರ್ವೋ ಅಂದರು ಡಾಕ್ಟರ್. ಮಾರಿದವರು ನಿಮ್ಮ ಮನೆಗೆ ಬಂದ ಮೇಲೆ ಬಂದ ಬ್ಯಾನಿ ಅಂತಾರೆ. ಮಗಳು ಊಟ ಬಿಟ್ಟಿದ್ದಾಳೆ. ಬೇಗ ಇನ್ನೊಂದು ತರೋಣ ಅಂತ ಮನೆಯವರು ಹೇಳುತ್ತಿದ್ದಾರೆ.
– ಅಥಣಿಯಿಂದ ಒಬ್ಬ ತಾಯಿ

ಅಕ್ಕಾ, ನಿಮ್ಮ ಪತ್ರ ಓದಿ ನನ್ನ ಮೊದಲ ಮರಿ ನೆನಪಾಯಿತು. ಒಂದು ಸಂತೆಯಲ್ಲಿ ಬುಟ್ಟಿಯಲ್ಲಿಟ್ಟು ಮಾರುತ್ತಿದ್ದರು, ತಿಂಗಳ ಮರಿಯೂ ಇರಲಿಲ್ಲ ಅನಿಸುತ್ತದೆ. ನಾಲ್ಕನೇ ದಿನ ಹಾಲು ಮುಟ್ಟಲಿಲ್ಲ. ರಾತ್ರಿಯೆಲ್ಲ ತೊಡೆಯ ಮೇಲೆ ಇಟ್ಟುಕೊಂಡು ಚಮಚದಲ್ಲಿ ನೀರು ಬಿಟ್ಟೆ, ಬೆಳಗ್ಗೆ ಹೋಗಿಬಿಟ್ಟಿತು. ಅದರ ವಾಸನೆ ಈಗಲೂ ಮರೆತಿಲ್ಲ. ನಿಮ್ಮ ತಪ್ಪು ಅಂತ ಅಂದುಕೊಳ್ಳಬೇಡಿ. ಪಾರ್ವೋ ಮೈಗೆ ಸೇರಿದ ಮೇಲೆ ಲಕ್ಷಣ ಕಾಣಲು ಸಾಮಾನ್ಯವಾಗಿ ಮೂರರಿಂದ ಏಳು ದಿನ ಬೇಕು. ಐದೇ ದಿನಕ್ಕೆ ಹೋಗಿದೆ ಅಂದರೆ ಬರುವಾಗಲೇ ತಂದಿರುವ ಸಾಧ್ಯತೆ ಜಾಸ್ತಿ.

ಆದರೆ ಬೇಗ ಇನ್ನೊಂದು ಮರಿ ಮಾತ್ರ ಬೇಡ. ಈ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ, ಕೆಲವು ಕಡೆ ವರ್ಷದವರೆಗೂ ಬದುಕಿರುತ್ತದೆ. ಸಾದಾ ಫಿನಾಯಿಲ್ ಹಾಕಿ ಒರೆಸಿದರೆ ಸಾಲದು. ಗಟ್ಟಿ ನೆಲವನ್ನು ಮೊದಲು ಸೋಪಿನಿಂದ ತೊಳೆದು, ಒಂದು ಪಾಲು ಬ್ಲೀಚ್‌ಗೆ ಮೂವತ್ತು ಪಾಲು ನೀರು ಬೆರೆಸಿ ಹಾಕಿ, ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಮರಿಯ ಹಾಸಿಗೆ, ಚಾಪೆ, ಬಟ್ಟಲು ಇಟ್ಟುಕೊಳ್ಳಬೇಡಿ. ಅಂಗಳದ ಮಣ್ಣನ್ನು ಹೀಗೆ ತೊಳೆಯಲು ಆಗುವುದಿಲ್ಲ. ಅದಕ್ಕೇ ಎಲ್ಲ ಲಸಿಕೆ ಮುಗಿದಿರುವ, ನಾಲ್ಕೂವರೆ ಐದು ತಿಂಗಳ ನಾಯಿ ತನ್ನಿ. ಮೊದಲ ಇಂಜೆಕ್ಷನ್ ಆರರಿಂದ ಎಂಟು ವಾರದಲ್ಲಿ, ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ, ಕೊನೆಯದು 16 ವಾರ ತುಂಬಿದ ಮೇಲೆ. ಹುಚ್ಚುನಾಯಿ ರೋಗದ್ದು ಮೂರು ತಿಂಗಳಿಗೆ.

ಲಸಿಕೆ ಪುಸ್ತಕ ಕೈಗೆ ತಗೊಂಡು ನೋಡಿ. ಔಷಧಿ ಬಾಟಲಿಯ ಚಿಕ್ಕ ಸ್ಟಿಕ್ಕರ್ ಅಂಟಿಸಿರಬೇಕು, ಅದರ ಮೇಲೆ ಬ್ಯಾಚ್ ನಂಬರ್, ಪಕ್ಕದಲ್ಲಿ ತಾರೀಖು, ಡಾಕ್ಟರ್ ಸಹಿ, ಸೀಲು. ಮೂರು ತಿಂಗಳ ಮೂರು ತಾರೀಖು ಒಂದೇ ಪೆನ್ನಿನಲ್ಲಿ, ಒಂದೇ ಕೂತಲ್ಲಿ ಬರೆದ ಹಾಗೆ ಕಂಡರೆ ಆ ಡಾಕ್ಟರ್‌ಗೆ ಫೋನ್ ಮಾಡಿ ಕೇಳಿ. ಕೊಳ್ಳುವ ಮುಂಚೆ ಚೀಟಿಯಲ್ಲಿ ಬರೆಸಿಕೊಳ್ಳಿ: ಮೂರು ದಿನದೊಳಗೆ ನಮ್ಮ ಡಾಕ್ಟರ್‌ಗೆ ತೋರಿಸುತ್ತೇವೆ, ಕಾಯಿಲೆ ಇದೆ ಅಂದರೆ ದುಡ್ಡು ವಾಪಸ್. ಬರೆದುಕೊಡಲ್ಲ ಅನ್ನುವವರ ಹತ್ತಿರ ಕೊಳ್ಳಬೇಡಿ.

ಮಗಳನ್ನು ನಾಯಿ ನೋಡಲು ಜೊತೆಗೆ ಕರೆದುಕೊಂಡು ಹೋಗಬೇಡಿ, ಮೊದಲು ನೀವು ನೋಡಿ ಬನ್ನಿ. ಹೋದ ಮರಿಗೆ ಅವಳು ಇಟ್ಟಿದ್ದ ಹೆಸರನ್ನು ಹೊಸದಕ್ಕೆ ಇಡುವುದೂ ಬೇಡ.

ಪ್ರಶ್ನೆ: ನಮ್ಮ ಮುಧೋಳ ನಾಯಿ ಹೊಟ್ಟೆ ತುಂಬ ತಿನ್ನುತ್ತದೆ. ಆದರೂ ಬಂದವರೆಲ್ಲ ಊಟ ಹಾಕಲ್ವಾ ಅಂತಾರೆ. ಅದು ಹೆಣ್ಣು, ಒಂದು ಸಲವಾದರೂ ಮರಿ ಹಾಕಿಸಲೇಬೇಕು, ಇಲ್ಲದಿದ್ದರೆ ಕಾಯಿಲೆ ಬರುತ್ತದೆ ಅಂತ ಅತ್ತೆಯವರು ಹೇಳುತ್ತಾರೆ.
– ಜಮಖಂಡಿಯಿಂದ ಒಬ್ಬ ಶಿಕ್ಷಕಿ

ಓಡುವ ನಾಯಿ ಹಾಗೇ ಇರಬೇಕು. ಕೊನೆಯ ಎರಡು ಮೂರು ಪಕ್ಕೆಲುಬು ಕಾಣುವುದು ಸರಿ. ಬೆನ್ನೆಲುಬು, ಸೊಂಟದ ಮೂಳೆ ಚೂಪಾಗಿ ಎದ್ದಿದ್ದರೆ ಮಾತ್ರ ಜಂತುಹುಳು ಪರೀಕ್ಷೆ ಮಾಡಿಸಿ. ಇದರ ಮೈಯಲ್ಲಿ ಕೊಬ್ಬು ಕಡಿಮೆ. ಯಾವಾಗಲಾದರೂ ಆಪರೇಷನ್ ಮಾಡಿಸುವುದಾದರೆ ಇದು ಮುಧೋಳ ನಾಯಿ ಅಂತ ಡಾಕ್ಟರ್‌ಗೆ ಮೊದಲೇ ಹೇಳಿ, ಅರಿವಳಿಕೆ ಔಷಧಿ ಯಾವುದು, ಎಷ್ಟು ಅಂತ ಅವರು ಅದನ್ನು ನೋಡಿಯೇ ತೀರ್ಮಾನ ಮಾಡುತ್ತಾರೆ.

ಮರಿ ಹಾಕಿಸದಿದ್ದರೆ ಕಾಯಿಲೆ ಬರುತ್ತದೆ ಅನ್ನುವುದು ನಿಜ ಅಲ್ಲ. ಅತ್ತೆಯವರಿಗೆ ನಿಧಾನವಾಗಿ ತಿಳಿಸಿ ಹೇಳಿ. ವಯಸ್ಸಾದ ಹೆಣ್ಣುನಾಯಿಗೆ ಗರ್ಭಕೋಶದಲ್ಲಿ ಕೀವು ತುಂಬುವ ರೋಗ ಬರುವುದುಂಟು. ಒಂದು ಸೂಲು ಆದ ಮಾತ್ರಕ್ಕೆ ಅದು ತಪ್ಪುವುದಿಲ್ಲ, ಗರ್ಭಕೋಶ ತೆಗೆಸಿದರೆ ತಪ್ಪುತ್ತದೆ. ಮರಿ ತೆಗೆಯುವ ಮನಸ್ಸು ಇದ್ದರೆ ಒಂದು ಲೆಕ್ಕ ಹಾಕಿ. ಆರೇಳು ಮರಿ ಹುಟ್ಟುತ್ತವೆ, ಎಂಟು ವಾರ ನಿಮ್ಮ ಮನೆಯಲ್ಲೇ ಇರಬೇಕು, ಎಲ್ಲಕ್ಕೂ ಜಂತುಹುಳು ಔಷಧಿ, ಇಂಜೆಕ್ಷನ್, ಎಲ್ಲಕ್ಕೂ ಒಳ್ಳೆಯ ಮನೆ ಹುಡುಕಬೇಕು, ಯಾರಾದರೂ ಆಗಲ್ಲ ಅಂತ ವಾಪಸ್ ತಂದರೆ ಇಟ್ಟುಕೊಳ್ಳಬೇಕು. ನೀವು ಬೆಳಗ್ಗೆ ಶಾಲೆಗೆ ಹೋದ ಮೇಲೆ ಇದನ್ನೆಲ್ಲ ಮಾಡುವವರು ಮನೆಯಲ್ಲಿ ಯಾರು ಇದ್ದಾರೆ? ಅದನ್ನು ಅತ್ತೆಯವರ ಜೊತೆ ಕೂತು ಮಾತಾಡಿ, ಆಮೇಲೆ ಇನ್ನೊಮ್ಮೆ ಬರೆಯಿರಿ.