ಡಯಾಲಿಸಿಸ್ ಆದ ಮೇಲೆ ಕ್ರಿಯಾಟಿನಿನ್ ಇಳಿದರೆ ಕಿಡ್ನಿ ಸರಿಹೋಗುತ್ತಿದೆ ಅಂತಾನಾ?

ಅಪ್ಪನ ಕ್ರಿಯಾಟಿನಿನ್ (ಸ್ನಾಯುಗಳಿಂದ ರಕ್ತಕ್ಕೆ ಬರುವ, ಕಿಡ್ನಿ ಹೊರಹಾಕಬೇಕಾದ ಕಸ) ಡಯಾಲಿಸಿಸ್‌ಗೆ ಮುಂಚೆ 9 ಇತ್ತು, ಮುಗಿದ ಮೇಲೆ 4 ಬಂತು, ಕಿಡ್ನಿ ಚೇತರಿಸಿಕೊಳ್ಳುತ್ತಿದೆಯಾ ಎಂದು ಕೇಳಿದ್ದೀರಿ. ಇಷ್ಟರಿಂದಲೇ ಹಾಗೆ ಹೇಳಲು ಬರುವುದಿಲ್ಲ. ಇಳಿಸಿದ್ದು ಮೆಷಿನ್.

ಅದರಲ್ಲಿ ತೆಳುವಾದ ಪೊರೆಯ ಒಂದು ಬದಿ ರಕ್ತ, ಇನ್ನೊಂದು ಬದಿ ಡಯಾಲಿಸಿಸ್ ದ್ರವ. ಜಾಸ್ತಿ ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಯೂರಿಯಾ, ಕ್ರಿಯಾಟಿನಿನ್, ಪೊಟ್ಯಾಸಿಯಂ ದಾಟುತ್ತವೆ. ಬೈಕಾರ್ಬನೇಟ್ ಮಾತ್ರ ದ್ರವದಿಂದ ರಕ್ತಕ್ಕೆ ಬಂದು ಆಮ್ಲ ತಗ್ಗಿಸುತ್ತದೆ. ಸಾಮಾನ್ಯವಾಗಿ 4 ಗಂಟೆ ಹಿಡಿಯುತ್ತದೆ. ವಾರಕ್ಕೆ ಮೂರು ಸಲ ಮಾಡುವವರಲ್ಲಿ, ಒಂದು ಸಲಕ್ಕೆ ಯೂರಿಯಾ ಕನಿಷ್ಠ 65% ಇಳಿಯಬೇಕು.

ಫಾಸ್ಫರಸ್ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಹೆಚ್ಚಿನದು ಮೂಳೆ, ಜೀವಕೋಶಗಳಲ್ಲೇ ಇರುತ್ತದೆ. ಅದಕ್ಕೇ ಊಟದಲ್ಲಿನ ಫಾಸ್ಫರಸ್ ರಕ್ತಕ್ಕೆ ಸೇರದಂತೆ ತಡೆಯಲು ಊಟದ ಜೊತೆ ಮಾತ್ರೆ ಕೊಡುವುದು.

ನನಗೆ ಹೆಚ್ಚು ಭಯ ಪೊಟ್ಯಾಸಿಯಂದು. 3.5ರಿಂದ 5ರ ಒಳಗಿರಬೇಕಾದದ್ದು ಡಯಾಲಿಸಿಸ್‌ನಲ್ಲಿ ಇಳಿಯುತ್ತದೆ. ಆದರೆ ಕೆಲವೇ ಗಂಟೆಗಳಲ್ಲಿ ಜೀವಕೋಶಗಳಿಂದ ಮತ್ತೆ ರಕ್ತಕ್ಕೆ ಬರುತ್ತದೆ. ಎರಡು ದಿನದ ಬಿಡುವು ಸಿಕ್ಕಾಗಲಂತೂ ಇನ್ನೂ ಏರುತ್ತದೆ. ಬೆಂಗಳೂರಿನಲ್ಲಿ ಆಸ್ಪತ್ರೆ ಗೇಟಿನ ಹೊರಗೇ ಎಳನೀರು ಗಾಡಿ ನಿಂತಿರುತ್ತದೆ. ತಂಪು ಅಲ್ವಾ ಅಂತ ದಯವಿಟ್ಟು ಸುಮ್ನೆ ಕುಡಿಸಬೇಡಿ. ಅದರಲ್ಲಿ ಪೊಟ್ಯಾಸಿಯಂ ತುಂಬಾ ಇದೆ, ಹೃದಯದ ಬಡಿತವೇ ತಪ್ಪಬಹುದು.

ಕಿಡ್ನಿ ನಿಜವಾಗಿ ಚೇತರಿಸುತ್ತಿದ್ದರೆ ಮೂತ್ರ ಹೆಚ್ಚುತ್ತದೆ, ಡಯಾಲಿಸಿಸ್‌ಗೆ ಮುಂಚಿನ ಕ್ರಿಯಾಟಿನಿನ್ನೂ ಸಲದಿಂದ ಸಲಕ್ಕೆ ಇಳಿಯುತ್ತಾ ಬರುತ್ತದೆ. ಆದರೆ ಊಟ ಸೇರದೆ ಸ್ನಾಯು ಕರಗಿದರೂ ಅದು ಇಳಿಯುತ್ತದೆ. ಹಾಗಾಗಿ ಅಪ್ಪನಿಗೆ ದಿನಕ್ಕೆ ಎಷ್ಟು ಮೂತ್ರ ಹೋಗುತ್ತದೆ ಎಂದು ಅಳೆದು ಬರೆದಿಡಿ, ನೆಫ್ರಾಲಜಿಸ್ಟ್‌ಗೆ (ಕಿಡ್ನಿ ಡಾಕ್ಟರ್) ತೋರಿಸಿ.