ವೈದ್ಯೆಯ ಬಾಯಲ್ಲಿ ಬಂದ ಸಿಟ್ಟು: ರೋಲ್‌ಪ್ಲೇ ಗುಂಪಿನ ಒಂದು ಪ್ರಕರಣ

ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಬರೆಯುವುದಕ್ಕೆ ಆಕೆಯ ಒಪ್ಪಿಗೆ ಇದೆ.

ಆಪ್ತಸಲಹೆಗೆ ಅಂತ ನನ್ನ ಬಳಿ ಬಂದ ಯುವತಿಗೆ ಹೇಳಿಕೊಳ್ಳೋಕೇ ಮುಜುಗರ. "ಇದು ಬರೀ ಆಟ, ಇದಕ್ಕೆಲ್ಲ ಆಪ್ತಸಲಹೆ ಬೇಕಾ ಅಂತ ನನಗೇ ಅನ್ನಿಸ್ತಿದೆ" ಅಂದಳು. ಆದರೆ ನಿದ್ದೆ ಕೆಟ್ಟಿತ್ತು. ಫೋನ್ ಸದ್ದು ಮಾಡಿದರೆ ಎದೆ ಹೊಡೆದುಕೊಳ್ಳುತ್ತಿತ್ತು. ಜಗಳ ಆಟದ್ದೋ ಆಫೀಸಿನದೋ ಅಂತ ಮೈ ವಿಚಾರಿಸುವುದಿಲ್ಲ ಅಲ್ವಾ?

ವಿಷಯ ಇಷ್ಟು. ಆಕೆ ಒಂದು ಆನ್‌ಲೈನ್ ರೋಲ್‌ಪ್ಲೇ ಗುಂಪಿನಲ್ಲಿದ್ದಾಳೆ. ಆರೇಳು ಜನ, ಒಬ್ಬೊಬ್ಬರಿಗೆ ಒಂದೊಂದು ಪಾತ್ರ, ಸರದಿಯಂತೆ ಪೋಸ್ಟ್ ಬರೆಯುತ್ತಾ ಎಲ್ಲರೂ ಸೇರಿ ಒಂದೇ ಕಥೆಯನ್ನು ಮುಂದಕ್ಕೆ ಒಯ್ಯುತ್ತಾರೆ. ಆಕೆಯದು ದಂಡಿನ ವೈದ್ಯೆಯ ಪಾತ್ರ. ಇನ್ನೊಬ್ಬ ಗೆಳೆಯನದು ಕತ್ತಿವೀರ. ಆತ ತನ್ನ ಪೋಸ್ಟಿನಲ್ಲಿ ವೈದ್ಯೆ ಏನು ಮಾಡಿದಳು ಅನ್ನುವುದನ್ನೂ ತಾನೇ ಬರೆದುಬಿಡುತ್ತಿದ್ದ. 'ವೈದ್ಯೆ ಹೆದರಿ ಅವನ ಹಿಂದೆ ಅಡಗಿದಳು', ಹೀಗೆ. ಆಡುವವರು ಇದಕ್ಕೆ ಪವರ್‌ಪ್ಲೇ ಅಂತಾರೆ, ಕೆಲವರು ಗಾಡ್‌ಮಾಡಿಂಗ್ ಅಂತಲೂ ಅಂತಾರೆ. ಸಾಮಾನ್ಯವಾಗಿ ಯಾರೂ ಇದನ್ನು ಇಷ್ಟಪಡುವುದಿಲ್ಲ.

ಆಕೆ ತಿಂಗಳುಗಟ್ಟಲೆ ಸುಮ್ಮನಿದ್ದಳು. ಆಮೇಲೆ ಒಂದು ದಿನ ಕಥೆಯೊಳಗೇ ಸೇಡು ತೀರಿಸಿಕೊಂಡಳು. ತುಂಬಿದ ಸಭೆಯಲ್ಲಿ ವೈದ್ಯೆಯ ಬಾಯಿಂದ ಕತ್ತಿವೀರನನ್ನು ಚೆನ್ನಾಗಿ ಹೀಯಾಳಿಸಿದಳು. ಉಳಿದವರು ನಗುವ ಇಮೋಜಿ ಹಾಕಿದರು. ಆತ ಬರೆಯುವುದನ್ನೇ ನಿಲ್ಲಿಸಿದ.

ಆಟಗಾರರ ಭಾವನೆ ಪಾತ್ರಕ್ಕೆ, ಪಾತ್ರದ್ದು ಆಟಗಾರರಿಗೆ ಸೋರುವುದು ಹೊಸದೇನಲ್ಲ, ಅದಕ್ಕೆ ಬ್ಲೀಡ್ ಅನ್ನುವ ಹೆಸರೂ ಇದೆ, ಮತ್ತು ಎಷ್ಟೋ ಒಳ್ಳೆಯ ದೃಶ್ಯಗಳು ಹುಟ್ಟುವುದೇ ಅದರಿಂದ. ತೊಂದರೆ ಬೇರೆ ಇದೆ. ಪಾತ್ರದ ಮೂಲಕ ಬಂದ ಟೀಕೆಗೆ ಉತ್ತರ ಕೊಡಲು ಆಗುವುದಿಲ್ಲ. ಸಿಟ್ಟು ವೈದ್ಯೆಯದೋ ಬರೆದವಳದೋ? ಆತ ಕೇಳಿದರೆ 'ಅದು ಪಾತ್ರ ಹೇಳಿದ್ದು' ಅಂತ ಈಕೆ ಜಾರಿಕೊಳ್ಳಬಹುದು. ಕೇಳದಿದ್ದರೆ ನುಂಗಿಕೊಳ್ಳಬೇಕು. ಇದನ್ನು ಹೇಳಿದಾಗ ಆಕೆ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಎರಡನೇ ಭೇಟಿಗೆ ಆತನಿಗೆ ಕಳಿಸಬೇಕೆಂದು ಬರೆದಿಟ್ಟ ಸಂದೇಶ ತಂದಿದ್ದಳು. ಉದ್ದ ಪತ್ರ, ಜೊತೆಗೆ ಸ್ಕ್ರೀನ್‌ಶಾಟ್‌ಗಳು. 'ನೀನು ಯಾವಾಗಲೂ ನಿನ್ನನ್ನೇ ಹೀರೋ ಮಾಡ್ಕೋತೀಯ' ಅಂತ ಶುರು.

1996ರಲ್ಲಿ ಕ್ಲೂಗರ್ ಮತ್ತು ಡಿನೀಸಿ ಎಂಬ ಸಂಶೋಧಕರು ಫೀಡ್‌ಬ್ಯಾಕ್ ಕುರಿತ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಹಾಕಿ ನೋಡಿದ್ದರು. ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಸಂದರ್ಭಗಳಲ್ಲಿ ಫೀಡ್‌ಬ್ಯಾಕ್ ಸಿಕ್ಕ ಮೇಲೆ ಕೆಲಸ ಇನ್ನೂ ಕೆಟ್ಟಿತ್ತು. ಗಮನ ಕೆಲಸದಿಂದ 'ನಾನು ಎಂಥವನು' ಅನ್ನುವ ಕಡೆ ಹೊರಳಿದಷ್ಟೂ ಫೀಡ್‌ಬ್ಯಾಕ್ ಬಲ ಕಳೆದುಕೊಳ್ಳುತ್ತದೆ ಅನ್ನುವುದು ಅವರ ವಾದ. ಆಕೆಯ ಪತ್ರದ ಮೊದಲ ಸಾಲೇ ಅಲ್ಲಿಗೆ ಹೋಗಿತ್ತು.

"ಇದರಲ್ಲಿ ಯಾವುದು ನಿಮ್ಮ ಬರವಣಿಗೆಯನ್ನೇ ನಿಲ್ಲಿಸುತ್ತೆ?" ಅಂತ ಕೇಳಿದೆ. ಬಹಳ ಯೋಚಿಸಿ ಹೇಳಿದಳು: "ಅವನು ನನ್ನ ಪಾತ್ರದ ಪ್ರತಿಕ್ರಿಯೆಯನ್ನೂ ಬರೆದುಬಿಟ್ಟರೆ ನನಗೆ ಬರೆಯೋಕೆ ಏನೂ ಉಳಿಯಲ್ಲ." ಸರಿ, ಹೇಳಬೇಕಾದ್ದು ಅದೊಂದೇ. ಕತ್ತಿವೀರ ಎಲ್ಲ ಕಾಳಗ ಗೆಲ್ಲುತ್ತಾನೆ, ವರ್ಣನೆ ಉದ್ದವಾಯಿತು, ಕಾಗುಣಿತ ತಪ್ಪು, ಇವೆಲ್ಲ ಆಕೆಯ ರುಚಿಗೆ ಸೇರಿದ್ದು. ಅವನ್ನು ಪಟ್ಟಿಯಿಂದ ಹೊಡೆದು ಹಾಕಿಸಿದೆ. ಆಕೆಗೆ ಅದು ಅಷ್ಟೇನೂ ಹಿಡಿಸಲಿಲ್ಲ.

ಮೊದಲು ಕ್ಷಮೆ ಕೇಳಿ ಅಂದೆ, ಖಾಸಗಿಯಾಗಿ, ಪಾತ್ರದ ಹೆಸರಲ್ಲಲ್ಲ, ನಿಮ್ಮ ಹೆಸರಲ್ಲಿ. ಅದೇ ಸಂದೇಶಕ್ಕೆ 'ಆದರೆ ನೀನೂ...' ಅಂತ ಬಾಲ ಅಂಟಿಸಬೇಡಿ. ಆತ ಉತ್ತರಿಸಲಿ, ಆಮೇಲೆ ಎರಡನೆಯದು. ಹೊಗಳಿಕೆಯ ನಡುವೆ ಟೀಕೆ ಅಡಗಿಸುವ ಉಪಾಯ ನನಗೆ ಯಾವತ್ತೂ ಇಷ್ಟವಾಗಿಲ್ಲ, ಕೇಳಿದವರು ಮುಂದಿನ ಸಲ ಹೊಗಳಿಕೆ ಬಂದರೂ ಹೆದರುತ್ತಾರೆ. ತಮಾಷೆ, ವ್ಯಂಗ್ಯವೂ ಬೇಡ. 2005ರ ಒಂದು ಅಧ್ಯಯನದಲ್ಲಿ, ತಮ್ಮ ಇಮೇಲಿನ ವ್ಯಂಗ್ಯ ಓದುವವರಿಗೆ ತಿಳಿಯುತ್ತದೆ ಅಂತ ನಂಬಿದ್ದವರ ಲೆಕ್ಕ ಚೆನ್ನಾಗಿಯೇ ತಪ್ಪಿತ್ತು. ಮನಸ್ಸಿನಲ್ಲಿರುವ ದನಿ ಅಕ್ಷರದ ಜೊತೆ ಹೋಗುವುದಿಲ್ಲ.

ಇಬ್ಬರೂ ಕೂತು ಬರೆದ ಎರಡನೇ ಸಂದೇಶ ಹೀಗಿತ್ತು: 'ಕೋಟೆ ದೃಶ್ಯದಲ್ಲಿ ವೈದ್ಯೆ ಅಡಗಿದಳು ಅಂತ ನೀನೇ ಬರೆದೆ. ಆಗ ನನ್ನ ಸರದಿಯಲ್ಲಿ ಬರೆಯೋಕೆ ಏನೂ ಸಿಗಲಿಲ್ಲ. ಅವಳು ಏನು ಮಾಡ್ತಾಳೆ ಅನ್ನೋದನ್ನ ನನಗೆ ಬಿಡ್ತೀಯಾ? ನನ್ನ ಪೋಸ್ಟ್‌ಗಳಲ್ಲಿ ನಿನಗೆ ಕಷ್ಟ ಆಗೋದು ಏನಾದ್ರೂ ಇದ್ರೆ ಹೇಳು.'

ಕೊನೆಯ ಸಾಲು ಸೇರಿಸಿದ್ದು ನಾನು. ಉತ್ತರ ಬಂದಾಗ ಆಕೆಗೆ ನನ್ನ ಮೇಲೇ ಸ್ವಲ್ಪ ಸಿಟ್ಟು ಬಂದಿತ್ತು. ಆತ ಬರೆದಿದ್ದ: 'ನೀನು ಮೂರು ನಾಲ್ಕು ದಿನ ಉತ್ತರ ಬರೆಯಲ್ಲ. ದೃಶ್ಯ ಅಲ್ಲೇ ನಿಂತುಬಿಡುತ್ತೆ, ಉಳಿದವರೂ ಕಾಯ್ತಾರೆ. ಅದಕ್ಕೇ ವೈದ್ಯೆಯನ್ನ ನಾನೇ ಮುಂದಕ್ಕೆ ತಳ್ಳಿದೆ.' ಅಹಂಕಾರ ಅಂತ ಈಕೆ ಓದಿಕೊಂಡದ್ದರಲ್ಲಿ ಅರ್ಧ ಬರೀ ಆತುರ.

ಅಲ್ಲಿಂದ ಮಾತು ಸಲೀಸಾಯಿತು. ಎರಡು ದಿನ ಉತ್ತರ ಬರದಿದ್ದರೆ ಬೇರೆಯವರು ಆ ಪಾತ್ರವನ್ನು ಜಾಗದಿಂದ ಜಾಗಕ್ಕೆ ಕರೆದೊಯ್ಯಬಹುದು, ಆದರೆ ಅದರ ಮಾತು, ಭಾವನೆ, ನಿರ್ಧಾರ ಮುಟ್ಟುವಂತಿಲ್ಲ ಅಂತ ಗುಂಪಿನವರೆಲ್ಲ ಸೇರಿ ನಿಯಮ ಮಾಡಿಕೊಂಡರು. ಮುಂದೆ ಬರುವವರಿಗೂ ಇರಲಿ ಅಂತ ಬರೆದಿಟ್ಟರು. ಆಕೆಯ ನಿದ್ದೆ ಮೆಲ್ಲಗೆ ಸರಿಹೋಗುತ್ತಿದೆ.

ಕತ್ತಿವೀರ ಈಗಲೂ ಎಲ್ಲ ಕಾಳಗ ಗೆಲ್ಲುತ್ತಾನಂತೆ. "ಅದನ್ನೂ ಹೇಳಿಬಿಡಲಾ?" ಅಂತ ಹೋದ ವಾರ ಕೇಳಿದಳು. ಆತನಾಗಿ ಅಭಿಪ್ರಾಯ ಕೇಳಿದರೆ ಹೇಳಿ ಅಂದೆ. ಆಕೆ ಇನ್ನೂ ಒಪ್ಪಿಲ್ಲ.