ಎ.ಸಿ. ಹಾಕಿದಾಗ ಕಾರಿನಿಂದ ಗುರ್ರೆನ್ನುವ ಸದ್ದು: ಕಂಪ್ರೆಸರ್ ಬದಲಿಸಲೇಬೇಕೆ?

ಎ.ಸಿ. ಹಾಕಿದೊಡನೆ ಬಾನೆಟ್ಟಿನೊಳಗಿಂದ ಗುರ್ರೆನ್ನುವ ಸದ್ದು ಬರುತ್ತದೆ, ಆರಿಸಿದ ಮೇಲೆ ಡ್ಯಾಶ್‌ಬೋರ್ಡಿನ ಹಿಂದೆ ಸ್ವಲ್ಪ ಹೊತ್ತು ಸುಯ್ಯೆನ್ನುತ್ತದೆ, ಗ್ಯಾರೇಜಿನವರು ತಂಪಿನ ಗ್ಯಾಸನ್ನು ಒತ್ತಿ ಪೈಪುಗಳಲ್ಲಿ ಸುತ್ತಿಸುವ ಕಂಪ್ರೆಸರನ್ನೇ ಬದಲಿಸಬೇಕೆನ್ನುತ್ತಿದ್ದಾರೆ, ಒಪ್ಪಬಹುದೇ ಎಂದು ಕೇಳಿದ್ದೀರಿ. ಕಲಬುರಗಿಯಲ್ಲಿ ಕಾರುಗಳ ಎ.ಸಿ. ದುರಸ್ತಿಯನ್ನೇ ಮಾಡಿಕೊಂಡಿರುವ ನನ್ನ ಸಲಹೆ ಇಷ್ಟು: ಈಗಲೇ ಒಪ್ಪಬೇಡಿ, ಆದರೆ ಆ ಸದ್ದನ್ನು ಕಡೆಗಣಿಸಿ ಯಾದಗಿರಿಯವರೆಗೆ ಓಡಿಸಲೂ ಹೋಗಬೇಡಿ.

ಆರಿಸಿದ ಮೇಲಿನ ಸುಯ್ ಸದ್ದಿನ ಬಗ್ಗೆ ಚಿಂತೆ ಬೇಡ. ಎ.ಸಿ. ನಡೆಯುವಾಗ ಒಂದು ಬದಿಯ ಪೈಪಿನಲ್ಲಿ ಒತ್ತಡ ಹೆಚ್ಚು, ಇನ್ನೊಂದು ಬದಿಯಲ್ಲಿ ಕಡಿಮೆ ಇರುತ್ತದೆ. ಕಂಪ್ರೆಸರ್ ನಿಂತೊಡನೆ ಗ್ಯಾಸು ಎಕ್ಸ್‌ಪ್ಯಾನ್ಷನ್ ವಾಲ್ವಿನ ಸಣ್ಣ ರಂಧ್ರದ ಮೂಲಕ ಹರಿದು ಎರಡೂ ಬದಿಯ ಒತ್ತಡವನ್ನು ಸಮಗೊಳಿಸುತ್ತದೆ. ಎ.ಸಿ. ನಡೆಯುತ್ತಿರುವಾಗಲೂ ಅದೇ ಸದ್ದು ಬಂದು, ಜೊತೆಗೆ ತಂಪೂ ಕಡಿಮೆಯಾಗಿದ್ದರೆ ಮಾತ್ರ ಗ್ಯಾಸು ಸೋರಿದೆಯೇ ಎಂದು ನೋಡಿಸಬೇಕು.

ಗುರ್ ಸದ್ದಿನ ವಿಷಯದಲ್ಲಿ, ಅದು ಹೇಗಿದೆ ಎನ್ನುವುದಕ್ಕಿಂತ ಯಾವಾಗ ಬರುತ್ತದೆ ಎನ್ನುವುದೇ ಮುಖ್ಯ. ಮೊದಲು ಇಂಜಿನ್ ಚಾಲೂ ಮಾಡದೆ, ಕೀಲಿಯನ್ನಷ್ಟೇ ತಿರುಗಿಸಿ, ಕಾರಿನೊಳಗೆ ಗಾಳಿ ಊದುವ ಬ್ಲೋವರನ್ನು ಒಂದೊಂದೇ ಹಂತ ಏರಿಸಿ. ಆಗಲೇ ಸದ್ದು ಬಂದರೆ ದೋಷ ಬ್ಲೋವರಿನದು. ನಮ್ಮ ಕಡೆ ಬಿಸಿಲಿಗೆ ಹೆದರಿ ಎಲ್ಲರೂ ಬೇವಿನ ಮರದ ಕೆಳಗೆ ಕಾರು ನಿಲ್ಲಿಸುವುದರಿಂದ, ಮುಂದಿನ ಗಾಜಿನ ಬುಡದ ಜಾಲರಿಯ ಮೂಲಕ ಬೇವಿನ ಎಲೆ ಮತ್ತು ಹೂವು ಒಳಗೆ ಸೇರಿ ಫ್ಯಾನಿಗೆ ತಗಲುವುದು ಸಾಮಾನ್ಯ. ಅದನ್ನು ಸ್ವಚ್ಛಗೊಳಿಸಿದರೆ ಮುಗಿಯಿತು.

ಅಲ್ಲಿ ಸದ್ದಿಲ್ಲದಿದ್ದರೆ, ಎ.ಸಿ. ಹಾಕದೆ ಇಂಜಿನ್ ಚಾಲೂ ಮಾಡಿ ಬಾನೆಟ್ ತೆರೆದು ಕೇಳಿ. ಕ್ಲಚ್ (ಕಾಲಿನ ಕ್ಲಚ್ ಅಲ್ಲ, ಪುಲ್ಲಿಯನ್ನು ಕಂಪ್ರೆಸರಿಗೆ ಜೋಡಿಸುವ ಭಾಗ) ಇರುವ ಕಂಪ್ರೆಸರಿನ ಪುಲ್ಲಿಯು, ಅಂದರೆ ಬೆಲ್ಟ್ ಸುತ್ತಿರುವ ಗಾಲಿಯು, ಎ.ಸಿ. ಹಾಕಿದರೂ ಹಾಕದಿದ್ದರೂ ಬೆಲ್ಟಿನೊಡನೆ ತಿರುಗುತ್ತಲೇ ಇರುತ್ತದೆ. ಗುಂಡಿ ಒತ್ತಿದಾಗ ಟಕ್ಕೆಂದು ಕ್ಲಚ್ ಹಿಡಿದುಕೊಂಡ ಮೇಲಷ್ಟೇ ಕಂಪ್ರೆಸರಿನ ಒಳಭಾಗ ಕೆಲಸ ಆರಂಭಿಸುತ್ತದೆ. (ಕ್ಲಚ್ಚೇ ಇಲ್ಲದ ಕೆಲವು ಹೊಸ ಕಾರುಗಳಿಗೆ ಈ ಮಾತು ಅನ್ವಯಿಸದು.) ಹೀಗಾಗಿ ಎ.ಸಿ. ಹಾಕುವ ಮೊದಲೇ ಸಣ್ಣಗೆ ಗುರುಗುಟ್ಟುತ್ತಿದ್ದರೆ ಅನುಮಾನ ಹೋಗಬೇಕಾದದ್ದು ಪುಲ್ಲಿಯ ಬೇರಿಂಗ್ ಅಥವಾ ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರಿನ ಮೇಲೆ. ಎಷ್ಟೋ ಕಂಪ್ರೆಸರುಗಳಲ್ಲಿ ಆ ಬೇರಿಂಗನ್ನಷ್ಟೇ ಬದಲಿಸಬಹುದು, ಗ್ಯಾಸು ಖಾಲಿ ಮಾಡುವ ಅಗತ್ಯವೂ ಇರುವುದಿಲ್ಲ. ಇಷ್ಟು ಸಣ್ಣ ಕೆಲಸಕ್ಕೆ ಇಡೀ ಕಂಪ್ರೆಸರಿನ ಹಣ ತೆತ್ತು ಹೋದವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಎ.ಸಿ. ಹಾಕಿದಾಗ ಮಾತ್ರ ಸದ್ದು ಬರುತ್ತಿದ್ದರೆ ಆಕ್ಸಿಲರೇಟರ್ ನಿಧಾನವಾಗಿ ಒತ್ತಿ ನೋಡಿ. ಇಂಜಿನ್ನಿನ ವೇಗ ಏರಿದರೂ ಸದ್ದು ಒಂದೇ ಸಮನಾಗಿದ್ದರೆ ಅದು ಕಂಡೆನ್ಸರ್ (ಕಾರಿನ ಮುಂಭಾಗದಲ್ಲಿದ್ದು ಗ್ಯಾಸಿನ ಬಿಸಿಯನ್ನು ಹೊರಹಾಕುವ ಭಾಗ) ಫ್ಯಾನಿನದು, ಎ.ಸಿ. ಹಾಕಿದೊಡನೆ ಅದೂ ತಿರುಗತೊಡಗುವುದರಿಂದ ಅದರ ದೋಷವನ್ನೂ ಕಂಪ್ರೆಸರಿನ ತಲೆಗೆ ಕಟ್ಟುವುದುಂಟು. ಇಂಜಿನ್ನಿನೊಂದಿಗೇ ಸದ್ದೂ ಏರಿದರೆ ಕಂಪ್ರೆಸರಿನ ಕಡೆ ನೋಡಬೇಕು. ಆಗಲೂ ಅದನ್ನು ಬಿಗಿದಿರುವ ಬೋಲ್ಟುಗಳು ಸಡಿಲವಾಗಿವೆಯೇ, ಪೈಪು ಕಾರಿನ ಮೈಗೆ ತಾಗುತ್ತಿದೆಯೇ ಎಂಬುದನ್ನು ಮೊದಲು ಪರೀಕ್ಷಿಸಲಿ.

ನಂತರದ್ದು ಗ್ಯಾಸಿನ ಪ್ರಮಾಣ. ನನ್ನ ಮಟ್ಟಿಗೆ ನಮ್ಮ ಭಾಗದ ದೊಡ್ಡ ತೊಂದರೆ ಇದೇ. ಕಲಬುರಗಿಯಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲು 42 ಡಿಗ್ರಿ ದಾಟುವಾಗ ಯಾವ ಕಾರೂ ಬೇಗ ತಂಪಾಗುವುದಿಲ್ಲ. ಗ್ಯಾಸು ಕಡಿಮೆಯಾಗಿದೆಯೆಂದು ಭಾವಿಸಿ ಅಂದಾಜಿನ ಮೇಲೆ ಇನ್ನಷ್ಟು ತುಂಬಿಸಿಬಿಡುತ್ತಾರೆ. ಅಳತೆ ಮೀರಿದ ಗ್ಯಾಸಿನಿಂದ ಒತ್ತಡ ಏರಿ ಕಂಪ್ರೆಸರ್ ಹೊರೆಯಿಂದ ಗುರುಗುಟ್ಟುತ್ತದೆ. ತೊಗರಿ ರಾಶಿಯ ಕಾಲದ ಹೊಟ್ಟು, ಶಹಾಬಾದ್, ವಾಡಿ ಕಡೆಯ ಕಲ್ಲಿನ ಪುಡಿ ಕಂಡೆನ್ಸರಿನ ಮೇಲೆ ಕೂತು ಗಾಳಿ ತಡೆದರೂ ಪರಿಣಾಮ ಅದೇ. ಗ್ಯಾಸು ಕಡಿಮೆಯಾಗುವುದೂ ಅಪಾಯವೇ, ಏಕೆಂದರೆ ಕಂಪ್ರೆಸರಿಗೆ ಬೇಕಾದ ಎಣ್ಣೆ ಗ್ಯಾಸಿನೊಡನೆಯೇ ಸುತ್ತುತ್ತಿರುತ್ತದೆ. ಸೋರಿಕೆಯಲ್ಲಿ ಎಣ್ಣೆಯೂ ಹೊರಹೋಗುತ್ತದೆ, ಉಳಿದದ್ದು ಸರಿಯಾಗಿ ಮರಳುವುದಿಲ್ಲ, ಒಳಗಿನ ಭಾಗಗಳು ಒಣಗಿ ಸವೆಯುತ್ತವೆ. ಕ್ಲಚ್ ಮೇಲಿಂದ ಮೇಲೆ ಟಕ್ ಟಕ್ ಎಂದು ಹಿಡಿದು ಬಿಡುತ್ತಿದ್ದರೆ ಅದು ಹೆಚ್ಚಾಗಿ ಗ್ಯಾಸು ಇಳಿದಿರುವ ಲಕ್ಷಣ.

ಈ ಯಾವುದೂ ಅಲ್ಲದೆ, ಕಬ್ಬಿಣ ಉಜ್ಜಿದಂತಹ ಕರಕರ ಸದ್ದಿದ್ದರೆ ಎ.ಸಿ.ಯನ್ನು ಅಂದೇ ನಿಲ್ಲಿಸಿ. ಕಂಪ್ರೆಸರ್ ಜಾಮಾದರೆ ಬೆಲ್ಟ್ ಸುಟ್ಟು ಹರಿಯಬಹುದು. ಹಲವು ಕಾರುಗಳಲ್ಲಿ ಅದೇ ಬೆಲ್ಟಿನಿಂದ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್, ಕೆಲವದರಲ್ಲಿ ಇಂಜಿನ್ ತಂಪಿಡುವ ವಾಟರ್ ಪಂಪ್ ಕೂಡ ನಡೆಯುವುದರಿಂದ ಕಾರು ದಾರಿಯಲ್ಲೇ ನಿಲ್ಲುತ್ತದೆ. ಸವೆದ ಲೋಹದ ಚೂರುಗಳು ಕಂಡೆನ್ಸರಿನ ಸಣ್ಣ ನಾಳಗಳಿಗೆ ಸೇರಿದರೆ ತೊಳೆದರೂ ಪೂರ್ತಿ ಹೋಗುವುದಿಲ್ಲ. ಆಗ ಕಂಡೆನ್ಸರನ್ನೂ ಗ್ಯಾಸಿನ ತೇವ ಹೀರುವ ಡ್ರೈಯರನ್ನೂ ಬದಲಿಸದೆ ಕಂಪ್ರೆಸರನ್ನಷ್ಟೇ ಹೊಸದು ಹಾಕಿದರೆ ಅದೂ ಬೇಗನೆ ಕೆಡುತ್ತದೆ.

ಆದ್ದರಿಂದ ಗ್ಯಾರೇಜಿನಲ್ಲಿ, ಎ.ಸಿ.ಯೊಳಗೆ ಇರುವ ಗ್ಯಾಸನ್ನು ಮೆಷಿನ್ನಿಗೆ ಎಳೆದು ತೂಗಿಸಿ. ಎಷ್ಟು ಗ್ರಾಂ ಇರಬೇಕೆಂಬುದು ಬಾನೆಟ್ಟಿನೊಳಗಿನ ಸ್ಟಿಕ್ಕರಿನಲ್ಲಿ ಇರುತ್ತದೆ. ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಅರ್ಧ ಕಿಲೋ ಆಸುಪಾಸು. ವ್ಯಾಕ್ಯೂಮ್ ಮಾಡಿ (ಪೈಪುಗಳೊಳಗಿನ ಗಾಳಿ, ತೇವವನ್ನು ಪಂಪಿನಿಂದ ಹೀರಿ ತೆಗೆದು), ಸರಿಯಾದ ತೂಕದಷ್ಟೇ ತುಂಬಿ, ಕಂಡೆನ್ಸರ್ ತೊಳೆದು ಮತ್ತೆ ಚಾಲೂ ಮಾಡಿದಾಗಲೂ ಸದ್ದು ಉಳಿದರೆ, ಆಗ ಕಂಪ್ರೆಸರಿನ ಮಾತಿಗೆ ಒಪ್ಪಿಗೆ ಕೊಡಿ.